ಎರಡು ತುಂಡು, ಒಂದು ಮಿಡಿತ

ನಮ್ಮ ಹಸು ನಂದೆಯ ಹೊಟ್ಟೆಯಲ್ಲಿ ಬೆಳೆದ ಹೃದಯದ ಸ್ನಾಯುವನ್ನು ಇವತ್ತು ಅಕ್ಕನ ಹೃದಯಕ್ಕೆ ಕೂಡಿಸಬೇಕಿತ್ತು. ಅಕ್ಕ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಆದರೆ ಸ್ನಾಯು ಎರಡು ತುಂಡಾಗಿ ಬಂದಿತ್ತು, ಒಂದು ತುಂಡು ನಂದೆಯ ದೊಡ್ಡ ಹೊಟ್ಟೆಯಿಂದ, ಇನ್ನೊಂದು ಅದಕ್ಕೆ ಅಂಟಿದ ಜೇನುಗೂಡಿನಂಥ ಚೀಲದಿಂದ. ಬಟ್ಟಲಲ್ಲಿ ಒಂದು ನಿಧಾನಕ್ಕೆ, ಇನ್ನೊಂದು ಚುರುಕಾಗಿ ಮಿಡಿಯುತ್ತಿತ್ತು.

"ಹಸುವಿಗೆ ಕಾವ್ಯ ಓದಿದ್ದು ಯಾರು?" ಡಾಕ್ಟರ್ ಫರ್ಹಾನಾ ಕೇಳಿದರು. ಬೆಳೆಯುವ ಸ್ನಾಯು ಓದುವವರ ಲಯ ಹಿಡಿಯುತ್ತದೆ, ಅದಕ್ಕೇ ಹಸುವಿಗೆ ಕಾವ್ಯ ಓದುವುದು ಎಲ್ಲ ಮನೆಯಲ್ಲೂ ವಾಡಿಕೆ.

"ಬೆಳಿಗ್ಗೆ ಅಮ್ಮ, ಸಂಜೆ ಸೋದರತ್ತೆ," ಎಂದೆ, ಪಕ್ಕದಲ್ಲಿ ನಿಂತಿದ್ದ ಇಬ್ಬರನ್ನೂ ತೋರಿಸಿ.

"ಒಬ್ಬರೇ ಓದಬೇಕು ಅಂದಿದ್ದೆನಲ್ಲ!"

"ಇವಳು ರೈಲು ಹಿಡಿಯೋ ಹಾಗೆ ಓದ್ತಾಳೆ," ಎಂದಳು ಅಮ್ಮ.

"ನೀವು ಓದಿದ್ರೆ ಹಸು ಮೆಲುಕು ಹಾಕೋದನ್ನೂ ಮರೆತು ನಿದ್ದೆ ಹೋಗುತ್ತೆ, ಅತ್ತಿಗೆ," ಎಂದಳು ಅತ್ತೆ.

ಡಾಕ್ಟರ್ ಎರಡೂ ತುಂಡುಗಳ ಅಂಚು ತಾಗಿಸಿದರು. "ಇವೆರಡೂ ಒಂದಾಗಿ ಮಿಡಿದರೆ ಈಗಲೇ ಹಾಕ್ತೀನಿ. ಇಲ್ಲದಿದ್ದರೆ ಹಾಕೋ ಹಾಗಿಲ್ಲ."

ನಾವು ಮೂವರೂ ಬಟ್ಟಲಿನ ಮೇಲೆ ಬಾಗಿದೆವು. ಎಷ್ಟು ಹೊತ್ತಾದರೂ ಎರಡೂ ತಂತಮ್ಮ ಲಯ ಬಿಡಲಿಲ್ಲ. ಪದ್ಯ ಕೇಳಿಯೇ ಬೆಳೆದ ನನ್ನ ಕಿವಿಗೆ ತಾಳ ತಪ್ಪಿದ ಭಜನೆ ಕೇಳಿದ ಹಾಗೆ ಸಂಕಟವಾಯಿತು. ಆಮೇಲೆ ನಿಧಾನದ್ದು ಒಮ್ಮೆ ತಡವರಿಸಿತು. ಚುರುಕಿನದರ ಬೆನ್ನು ಹತ್ತಿತು. ಇನ್ನೊಂದು ಗಳಿಗೆಗೆ ಯಾವುದು ಯಾವುದೆಂದು ಹೇಳಲಾಗದ ಹಾಗೆ ಇಡೀ ಸ್ನಾಯು ಒಟ್ಟಿಗೆ ಕುಣಿಯುತ್ತಿತ್ತು, ಅತ್ತೆಯದೇ ಓಟದಲ್ಲಿ.

ಅತ್ತೆ ಹೆಮ್ಮೆಯಿಂದ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಡಾಕ್ಟರ ಭುಜ ಮುಟ್ಟಿದಳು.

"ಅವಳದೇ ಗೆದ್ದಿತು ಅಂತಲೇ ಇಟ್ಕೊಳ್ಳಿ ಮೇಡಂ. ಬೇಗ ತಗೊಂಡು ಹೋಗಿ, ನನ್ನ ಮಗಳು ಕಾಯ್ತಿದ್ದಾಳೆ."