ಸಾಸಿನಲ್ಲಿ ಬರೆದ ಹೆಸರು

"ಅಜ್ಜೀ, ಭಾನುವಾರ ನಿಮ್ಮ ಓಟು ನನಗೇ!" ಎನ್ನುತ್ತ ಒಳನುಗ್ಗಿದ ಕೊಯಿಚಿ, ಚುನಾವಣಾ ಪ್ರಚಾರದ ಬಿಳಿ ಕೈಗವಸಿನಲ್ಲೇ ಸುನ್ರೆ ಅಜ್ಜಿಯ ಹಿಟ್ಟಿನ ಕೈಗಳನ್ನು ಹಿಡಿದುಕೊಂಡ. ಹೊರಗೆ ವ್ಯಾನಿನ ಧ್ವನಿವರ್ಧಕ ಅವನ ಹೆಸರನ್ನೇ ಜಪಿಸುತ್ತಿತ್ತು. ಜಪಾನಿನ ಒಸಾಕಾದ ಆ ಓಣಿಯಲ್ಲಿ ಅಜ್ಜಿಯ ಅಂಗಡಿಯ ಎಲೆಕೋಸಿನ ದೋಸೆ ತಿಂದು ಬೆಳೆದವನು ಈಗ ನಗರಸಭೆಗೆ ನಿಂತಿದ್ದ.

"ನನಗೆಲ್ಲಿಂದ ಬಂತೋ ಓಟು? ನಾನು ಕೊರಿಯಾದವಳು."

"ಸುಮ್ನಿರಿ ಅಜ್ಜಿ! ನೀವು ಹುಟ್ಟಿದ್ದೇ ಈ ಓಣೀಲಿ."

"ಹುಟ್ಟಿದ್ದೂ ಇಲ್ಲೇ, ತೆರಿಗೆ ಕಟ್ಟೋದೂ ಇಲ್ಲೇ. ಎಪ್ಪತ್ತೇಳು ವರ್ಷದಲ್ಲಿ ಓಟಿನ ಚೀಟಿ ಮಾತ್ರ ಒಂದ್ಸಲಾನೂ ಬಂದಿಲ್ಲ."

ಕೊಯಿಚಿ ಪೆಚ್ಚಾದ. ಓಣಿಯವರನ್ನೆಲ್ಲ ಹೆಸರು ಹಿಡಿದು ಗದರುವ ಅಜ್ಜಿಗೆ ಓಟಿಲ್ಲವೆಂಬುದು ಅವನಿಗೆ ಎಂದೂ ಹೊಳೆದಿರಲಿಲ್ಲ.

ಅಜ್ಜಿ ಕಾದ ಹಂಚಿಗೆ ಹಿಟ್ಟು ಹುಯ್ದಳು. "ನಮ್ಮಪ್ಪ ಓಟು ಹಾಕಿದ್ದ, ಗೊತ್ತಾ? ನೀನು ಓದಿದ ಅದೇ ಶಾಲೇಲಿ. ಯುದ್ಧದ ಕಾಲ. ಕೊರಿಯಾ ಜಪಾನಿನ ಕೈಲಿತ್ತು, ಆಗ ನಾವೂ ಇಲ್ಲಿನ ಚಕ್ರವರ್ತಿಯ ಪ್ರಜೆಗಳೇ."

ಅವಳಿಗಾಗ ಎಂಟು ವರ್ಷ. ಗಾಜಿನ ಕಾರ್ಖಾನೆಯ ಕೂಲಿಯಾಗಿದ್ದ ಅಪ್ಪನಿಗೆ ಜಪಾನಿ ಅಕ್ಷರ ಬಾರದು. ಓಟಿನ ಚೀಟಿಯ ಮೇಲೆ ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆಯಬೇಕು; ಕೊರಿಯನ್ ಅಕ್ಷರದಲ್ಲಿ ಬರೆದರೂ ನಡೆಯುತ್ತಿತ್ತು. ನೀರಿನಲ್ಲಿ ಬೆರಳದ್ದಿ, ಊಟದ ಮಣೆಯ ಮೇಲೆ ಆ ಹೆಸರನ್ನು ಎಷ್ಟು ಸಲ ತಿದ್ದಿದ್ದನೋ! ಬೆಳಿಗ್ಗೆ ಒಗೆದ ಅಂಗಿ ತೊಟ್ಟು, ಮಗಳ ಕೈ ಹಿಡಿದು ಹೋದ. ಬರುವಾಗ ದಾರಿಯುದ್ದಕ್ಕೂ ಕಾರಣವಿಲ್ಲದೆ ನಗುತ್ತಿದ್ದ. ಆ ನಗು ನೆನೆದರೆ ಅಜ್ಜಿಗೆ ಈಗಲೂ ಹೊಟ್ಟೆ ತುಂಬುತ್ತದೆ. ಯುದ್ಧ ಮುಗಿದ ವರ್ಷವೇ ಕೊರಿಯಾದವರ ಆ ಹಕ್ಕೂ ಮುಗಿಯಿತು.

"ಸಾಯೋದ್ರೊಳಗೆ ಒಂದ್ಸಲ ಆ ಶಾಲೇಲಿ ಒಂದು ಹೆಸರು ಬರೀಬೇಕು ಕಣೋ. ಗೆದ್ರೆ ನಮ್ಮ ಪರವಾಗಿ ಒಂದು ಮಾತಾಡ್ತೀಯಾ?"

ಕೊಯಿಚಿ ಬಾಗಿಲ ಕಡೆ ನೋಡಿದ. ವ್ಯಾನಿನವರು ಕೇಳಿಸಿಕೊಂಡಿರಲಿಲ್ಲ. "ಅದು... ನೀವು ಇಲ್ಲಿನ ಪೌರತ್ವಾನೇ ತಗೊಂಡ್ಬಿಡಿ ಅಜ್ಜಿ. ಅರ್ಜಿ ನಾನೇ ಬರೆಸ್ಕೊಡ್ತೀನಿ."

"ಅಪ್ಪನ ಕೈಯಿಂದ ಕೇಳದೆ ಕಿತ್ಕೊಂಡಿದ್ದನ್ನ ನಾನ್ಯಾಕೋ ಅರ್ಜಿ ಹಾಕಿ ಬೇಡ್ಲಿ?"

ಅಜ್ಜಿ ದೋಸೆ ಮಗುಚಿದಳು. ಸಾಸಿನ ಬಾಟಲಿ ಹಿಂಡಿ, ನಡುಮಧ್ಯೆ ಏನೋ ಬರೆದು ಅವನ ಮುಂದಕ್ಕೆ ಸರಿಸಿದಳು.

"ಇದೇನಜ್ಜಿ ಗೀಚಿದ್ದೀರಿ?"

"ನಿನ್ನ ಹೆಸರು. ನಮ್ಮಪ್ಪನ ಅಕ್ಷರದಲ್ಲಿ. ತಿನ್ನು, ಇದನ್ನ ಯಾರೂ ಎಣಿಸಲ್ಲ."

ಕೊಯಿಚಿ ಕೈಗವಸು ಕಳಚಿ, ಹಂಚಿನ ಮೇಲಿಂದಲೇ ಅಂಚು ಮುರಿದು ತಿನ್ನತೊಡಗಿದ. ಹೊರಗೆ ಹಾರ್ನ್ ಎರಡು ಸಲ ಕೂಗಿತು. ಸುತ್ತಲೂ ತಿಂದು ಮುಗಿಸಿದವನ ಕೈ ಅಕ್ಷರಗಳ ಹತ್ತಿರ ಬಂದು ನಿಂತಿತು.

ಹಂಚಿನ ಮೇಲೆ ಅವನ ಹೆಸರೊಂದೇ ಉಳಿದು, ಮೆಲ್ಲಗೆ ಸೀಯುತ್ತಿತ್ತು.