ಕೈಗೆಟುಕದ ಹಲಗೆ

“ಈ ಹಲಗೇನ ಒಂದು ಮೊಳ ಇಳಿಸಿಬಿಡಿ ಅಜ್ಜ. ಅವರು ಹೊಲದಿಂದ ಬರೋದ್ರೊಳಗೆ ಮುಗೀಬೇಕು.”

ಅಡುಗೆಮನೆಯ ಸ್ಟೂಲಿನ ಮೇಲೆ ನಿಂತು ಡಬ್ಬಿಗಳನ್ನು ಒಂದೊಂದಾಗಿ ಇಳಿಸುತ್ತಿದ್ದಳು ಯಜಮಾನನ ಎರಡನೆಯ ಹೆಂಡತಿ. ಆ ಬಯಲಿಗೆಲ್ಲ ಮೊದಲು ಎದ್ದ ಮನೆ ಅದು. ಅದರ ಮರಗೆಲಸವೆಲ್ಲ ಈ ಮುದಿ ಬಡಗಿಯದೇ. ಬಾಗಿಲ ಮೇಲೆ ಯಜಮಾನನ ಹೆಸರು, ಇಸವಿ ಕೆತ್ತಿದವನೂ ಅವನೇ.

ಅವಳು ಬಂದ ವಾರದಲ್ಲೇ ಸತ್ತ ಮೊದಲ ಹೆಂಡತಿಯ ಬಟ್ಟೆಗಳನ್ನು ಯಾರಿಗೋ ಕೊಟ್ಟಿದ್ದಳು. ಕನ್ನಡಿ ಬದಲಾಯಿಸಿದ್ದಳು. ಈ ಹಲಗೆ ಮಾತ್ರ ನಾಲ್ಕು ವರ್ಷದಿಂದ ದಿನಕ್ಕೆ ಹತ್ತು ಸಲ ಅವಳನ್ನು ಸ್ಟೂಲು ಹತ್ತಿಸುತ್ತಿತ್ತು.

“ಅಕ್ಕನೋರು ಏಣಿ ಥರ ಇದ್ರೇನೋ!” ಅಂದಳು.

ಬಡಗಿ ನಕ್ಕುಬಿಟ್ಟ. “ಯಾರು, ದೊಡ್ಡಮ್ಮೋರಾ? ನಿಮ್ಮ ಭುಜಕ್ಕೂ ಬರ್ತಿರಲಿಲ್ಲ ತಾಯಿ.”

“ಮತ್ತೆ ಇದು?”

“ಇದು ಯಜಮಾನ್ರ ಕೈಗೆಟುಕೋ ಹಾಗೆ ಆಮೇಲೆ ಏರಿಸಿದ್ದು. ಆ ಯಮ್ಮ ಕೊನೇ ಎರಡು ವರ್ಷ ಹಾಸಿಗೆ ಬಿಟ್ಟು ಏಳಲಿಲ್ಲ ನೋಡಿ, ಮೂರು ಹೊತ್ತೂ ಇವರದೇ ಅಡುಗೆ. ಡಾಕ್ಟ್ರು ಉಪ್ಪು ಮುಟ್ಟಬಾರದು ಅಂದಿದ್ರು. ಸಪ್ಪೆ ಗಂಜಿ ಮಾಡಿ, ಊದಿ ಊದಿ ಕುಡಿಸಿ, ಆಮೇಲೆ ತಾವೂ ಅದನ್ನೇ ಕುಡಿಯೋರು.”

ಅವಳು ಮೆಲ್ಲಗೆ ಸ್ಟೂಲಿನ ಮೇಲೇ ಕೂತಳು. ಅವಳು ಬಂದಮೇಲೆ ಯಜಮಾನ ಅಡುಗೆಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ನೀರು ಬೇಕಾದರೂ ಜಗಲಿಯಿಂದಲೇ ಕೂಗು.

“ಹೋದ ವರ್ಷ ನಂಗೆ ಜ್ವರ ಬಂದಾಗ, ಒಲೆ ಹಚ್ಚೋಕೂ ಬರಲ್ಲ ಅಂದ್ರು ಅಜ್ಜ.”

ಬಾಯಿ ಜಾರಿತೆಂದು ಬಡಗಿಗೆ ಗೊತ್ತಾಯಿತು. ಉಳಿಯನ್ನು ಅಂಗೈಗೆ ಉಜ್ಜುತ್ತಾ ಕೇಳಿದ, “ಮೊಳ ಇಳಿಸಿದ್ರೆ ಸಾಕಾ ತಾಯಿ?”

“ಬೇಡ. ಇದ್ದಲ್ಲೇ ಇರಲಿ.” ಎದ್ದು ಡಬ್ಬಿಗಳನ್ನೆಲ್ಲ ಮತ್ತೆ ಮೇಲಿಟ್ಟಳು. ಉಪ್ಪಿನದನ್ನು ಎಲ್ಲಕ್ಕಿಂತ ಮುಂದೆ, ಕಣ್ಣಿಗೆ ಬೀಳುವಂತೆ. “ಈ ಸ್ಟೂಲು ಮಾತ್ರ ತಗೊಂಡು ಹೋಗಿಬಿಡಿ.”

ಸಂಜೆ ಯಜಮಾನ ಬಂದಾಗ ಒಲೆ ತಣ್ಣಗಿತ್ತು. ಅವಳು ಕುತ್ತಿಗೆವರೆಗೆ ಹೊದ್ದು ಮಲಗಿದ್ದಳು.

“ಏನಾಯ್ತೇ?”

“ಏಳೋಕೇ ಆಗ್ತಿಲ್ಲ.”

ಅವನ ಹೆಜ್ಜೆ ಹೊಸ್ತಿಲ ತನಕ ಹೋಗಿ ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಕಡ್ಡಿ ಗೀರಿದ ಸದ್ದು, ಪಾತ್ರೆಯ ಸದ್ದು. ಅವಳು ಹೊದಿಕೆಯೊಳಗೇ ನಕ್ಕಳು, ಕಣ್ಣು ಒರೆಸಿಕೊಂಡಳು.

ಅವನು ಬಟ್ಟಲು ತಂದು ಮಂಚದ ಅಂಚಿಗೆ ಕೂತ. ಎಡಗೈಯಿಂದ ಅವಳ ತಲೆ ಎತ್ತಿ ಹಿಡಿದ. ಚಮಚ ತುಂಬಿ, ಊದಿ, ತುಟಿಗಿಟ್ಟ.

“ಬಿಸಿ ಇಲ್ಲ ತಾನೇ?” ಅಂದ.

ಗಂಜಿಗೆ ಉಪ್ಪು ಹಾಕಿರಲಿಲ್ಲ.