ಬಾಗಿಲಿನ ಹೊಸ ನಂಬರು

ಮೂರನೇ ಸಲ ನಂಬರು ಒತ್ತಿದಾಗಲೂ ಬೀಗ ಕೆಂಪು ದೀಪ ತೋರಿಸಿ ಕೀಂಯ್ ಎಂದಿತು. ಹೊಟ್ಟೆಯ ಆಪರೇಷನ್ನಿನ ಹೊಲಿಗೆ ಬಿಚ್ಚಿಸಿಕೊಂಡು ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದ ಅಕ್ಕ, ಗೋಡೆಗೆ ಒರಗಿ ಪರದೇಶದಲ್ಲಿದ್ದ ತಮ್ಮನಿಗೆ ಫೋನು ಮಾಡಿದಳು. ರಜೆಗೆ ಬರುವವರಿಗೆ ಅವನು ಬಾಡಿಗೆಗೆ ಕೊಡುವ ಫ್ಲ್ಯಾಟು ಅದು. "ಖಾಲಿ ಬಿದ್ದಿದೆ, ಹುಷಾರಾಗೋ ತನಕ ಇರು" ಎಂದವನೂ ಅವನೇ.

"ಇಲ್ಲಿಂದಲೇ ನಂಬರು ಬದಲಾಯಿಸಿದೆ ಅಕ್ಕಾ. ಇದ್ದಕ್ಕಿದ್ದ ಹಾಗೆ ಒಳ್ಳೆ ಬುಕಿಂಗ್ ಬಂತು. ನಿನ್ನ ಚೀಲ ಕೆಳಗೆ ವಾಚ್‌ಮನ್ ಹತ್ರ ಇಡಿಸಿದ್ದೀನಿ."

"ಒಂದು ಮಾತು ಹೇಳಬಾರದಿತ್ತೇನೋ?"

"ಹೇಳಿದ್ರೆ ನೀನು ಅಳ್ತಾ ಕೂತ್ಕೋತಿದ್ದೆ."

ಅಷ್ಟರಲ್ಲಿ ಲಿಫ್ಟಿನಿಂದ ಗಂಡಹೆಂಡತಿ ಇಬ್ಬರು ಸೂಟ್‌ಕೇಸು ಎಳೆದುಕೊಂಡು ಬಂದರು. ಸದ್ದು ಕೇಳಿ ತಮ್ಮ ದನಿ ತಗ್ಗಿಸಿದ. "ಬಂದೇಬಿಟ್ರಾ? ಹೊಸ ನಂಬರು ಏಳು, ಎರಡು, ಒಂಬತ್ತು, ನಾಲ್ಕು. ನೀನೇ ಬಾಗಿಲು ತೆಗೆದುಕೊಟ್ಟು ಗೀಸರ್ ತೋರಿಸಿಬಿಡು. ಸ್ವಲ್ಪ ನಗು. ಈಗ ಸ್ಪೀಕರ್ ಹಾಕು."

ಅವಳು ಸ್ಪೀಕರ್ ಹಾಕಿ ಹೊಸ ನಂಬರು ಒತ್ತಿದಳು, ಬಾಗಿಲು ತೆರೆಯಿತು. ಬೆಳಿಗ್ಗೆ ಅವಳು ಎದ್ದುಬಂದಿದ್ದ ಮಂಚಕ್ಕೆ ಆಗಲೇ ಹೊಸ ಬೆಡ್‌ಶೀಟು ಬಿದ್ದಿತ್ತು.

"ಇವರು ಯಾರು?" ಹೆಂಗಸು ಫೋನಿನತ್ತ ಬಾಗಿ ಕೇಳಿದಳು.

"ನಮ್ಮ ಕೆಲಸದವಳು ಮೇಡಂ. ಏನು ಬೇಕಾದ್ರೂ ಹೇಳಿ, ಮಾಡ್ತಾಳೆ" ಎಂದ ತಮ್ಮ.

ಅಕ್ಕ ಬಾಯಿ ತೆರೆದಳು. ಬಂದವರೆದುರು ತಮ್ಮನ ಮಾನ ಹೋದೀತೆಂದು ಮತ್ತೆ ಮುಚ್ಚಿದಳು. ಗಂಡಸು ತನ್ನ ಸೂಟ್‌ಕೇಸನ್ನು ಅವಳತ್ತ ಸರಿಸಿದ. ಅವಳು ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅದನ್ನೆತ್ತಿ ಹೊಸ್ತಿಲು ದಾಟಿಸಿದಳು.